ಡಿಸ್ಚಾರ್ಜ್ ಚೀಟಿಯನ್ನು ಓದುವುದು ಹೇಗೆ: ಗರ್ಭ ಕಳೆದುಕೊಂಡವರಿಗಾಗಿ

ಡಿಸ್ಚಾರ್ಜ್ ಆಗುವ ದಿನ ಬೆಳಿಗ್ಗೆ ಒಬ್ಬ ಅತ್ತೆ ನನ್ನ ಮೇಜಿನ ಮುಂದೆ ಬಂದು ನಿಂತರು. ಕೈಯಲ್ಲಿ ಸೊಸೆಯ ಚೀಟಿ. ಜೊತೆಗೆ ಬಂದಿದ್ದ ಪಿಯುಸಿ ಓದುವ ಹುಡುಗ ಅದರಲ್ಲಿದ್ದ ಎರಡು ಪದಗಳನ್ನು ಓದಿ ಹೇಳಿದ್ದ: ಮಿಸ್ಡ್ ಅಬಾರ್ಷನ್. "ಸಿಸ್ಟರಮ್ಮ, ಇವಳು ನಮಗೆ ಗೊತ್ತಿಲ್ಲದ ಹಾಗೆ ಏನೋ ನುಂಗಿದ್ದಾಳೆ. ಅಬಾರ್ಷನ್ ಎಂದು ಡಾಕ್ಟರೇ ಬರೆದಿದ್ದಾರಲ್ಲ" ಎಂದರು. ಸೊಸೆ ಮಂಚದ ಅಂಚಿನಲ್ಲಿ ಕುಳಿತು, ಡ್ರಿಪ್ ತೆಗೆದ ಜಾಗದಲ್ಲಿ ಅಂಟಿಸಿದ್ದ ಹತ್ತಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಿದ್ದಳು. ತಲೆ ಎತ್ತಲಿಲ್ಲ. ಏಳು ವಾರಕ್ಕೇ ಬೆಳವಣಿಗೆ ನಿಂತುಹೋದ ಗರ್ಭವನ್ನು ಹತ್ತು ವಾರದವರೆಗೆ ಇದೆ ಎಂದೇ ನಂಬಿ, ಬಯಕೆಯ ಹುಣಸೆಹಣ್ಣು ತಿಂದುಕೊಂಡಿದ್ದ ಹುಡುಗಿ ಅವಳು. ತಾನಾಗಿ ಏನನ್ನೂ ನುಂಗಿರಲಿಲ್ಲ.

ನಾನು ಮೂವತ್ತೊಂದು ವರ್ಷ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿ ದುಡಿದು ನಿವೃತ್ತಳಾದವಳು. ನನ್ನದೂ ಒಂದು ಮಗು ಮೂವತ್ತಮೂರನೆಯ ವಾರದಲ್ಲಿ ಹೊಟ್ಟೆಯಲ್ಲೇ ತೀರಿಕೊಂಡಿದೆ. ಆ ಎರಡೂ ಕಡೆಯಿಂದ ನೋಡಿ ಹೇಳುತ್ತಿದ್ದೇನೆ: ಆಸ್ಪತ್ರೆಯವರು ಬರೆದುಕೊಡುವ ಚೀಟಿಯ ಪದಗಳು ವೈದ್ಯರು ವೈದ್ಯರಿಗಾಗಿ ಬರೆದುಕೊಂಡ ಪದಗಳು. ಅವುಗಳಲ್ಲಿ ತಾಯಿಯ ಮೇಲೆ ಯಾವ ಆರೋಪವೂ ಇಲ್ಲ. ಆದರೆ ಓದಲು ಬಾರದವರ ಕೈಯಲ್ಲಿ ಅವು ಆರೋಪಪಟ್ಟಿಯಾಗಿಬಿಡುತ್ತವೆ. ಆದ್ದರಿಂದ ಓದುವುದನ್ನು ಕಲಿಯಿರಿ. ಚಿಕಿತ್ಸೆಯ ತೀರ್ಮಾನವನ್ನು ನಿಮ್ಮ ವೈದ್ಯರ ಜೊತೆಗೇ ಮಾಡಿ. ಅವರ ಮಾತು ಅರ್ಥವಾಗುವಷ್ಟು ಸಿದ್ಧರಾಗಿ ನೀವು ಅವರ ಮುಂದೆ ಕುಳಿತುಕೊಳ್ಳಬೇಕು ಎಂದಷ್ಟೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಾಗದಗಳನ್ನು ಉಳಿಸಿಕೊಳ್ಳಿ

ಕಣ್ಣಿಗೆ ಕಾಣಬಾರದು ಎಂದು ತಾಯಿ ಕಾರ್ಡನ್ನು ಒಲೆಗೆ ಹಾಕಿದ ಮನೆಗಳನ್ನು ನಾನು ಬಲ್ಲೆ. ದುಃಖ ಅರ್ಥವಾಗುತ್ತದೆ. ಆದರೂ ದಯವಿಟ್ಟು ಹಾಗೆ ಮಾಡಬೇಡಿ. ತಾಯಿ ಕಾರ್ಡ್, ಎಲ್ಲಾ ಸ್ಕ್ಯಾನ್ ವರದಿಗಳು, ರಕ್ತದ ಗುಂಪಿನ ಚೀಟಿ, ಲ್ಯಾಬ್ ವರದಿಗಳು, ಡಿಸ್ಚಾರ್ಜ್ ಸಾರಾಂಶ, ಇವೆಲ್ಲವನ್ನೂ ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ಇಟ್ಟು, ನಿಮ್ಮ ಕಣ್ಣಿಗೆ ಬೀಳುವುದು ಬೇಡವೆನಿಸಿದರೆ ಅಕ್ಕನ ಮನೆಯಲ್ಲೋ ತವರಿನ ಬೀರುವಿನಲ್ಲೋ ಇರಿಸಿ. ಮೊಬೈಲಿನಲ್ಲಿ ಪ್ರತಿ ಹಾಳೆಯ ಚಿತ್ರ ತೆಗೆದುಕೊಳ್ಳಿ. ಹಳೆಯ ಸ್ಕ್ಯಾನ್ ವರದಿಗಳ ಅಕ್ಷರಗಳು ವರ್ಷಗಳು ಕಳೆದಂತೆ ಮಾಸುತ್ತವೆ.

ಚೀಟಿಯ ಮೇಲಿನ ಸಾಲು

ಹೆಸರು, ವಯಸ್ಸು ಆದ ಮೇಲೆ ಒಂದು ಗುಟ್ಟಿನ ಸಂಕೇತದಂತಹ ಸಾಲು ಇರುತ್ತದೆ: ಜಿ 3, ಪಿ 2, ಎಲ್ 1, ಎ 0 ಎಂಬಂತೆ. ಜಿ ಎಂದರೆ ಎಷ್ಟು ಸಲ ಬಸಿರಾಗಿದ್ದಾರೆ ಎಂಬ ಲೆಕ್ಕ, ಈಗಿನದೂ ಸೇರಿ. ಪಿ ಎಂದರೆ ಮಗು ಬದುಕುವ ಹಂತದವರೆಗೆ ಬೆಳೆದು ಆದ ಹೆರಿಗೆಗಳು. ಮಗು ಜೀವಂತ ಹುಟ್ಟಿತೋ ಇಲ್ಲವೋ ಎಂಬುದು ಇಲ್ಲಿ ಗಣನೆಗೆ ಬರುವುದಿಲ್ಲ. ಎಲ್ ಎಂದರೆ ಈಗ ಬದುಕಿರುವ ಮಕ್ಕಳು. ಎ ಎಂದರೆ ಅದಕ್ಕೂ ಮೊದಲೇ ಹೋದ ಗರ್ಭಗಳು. ತಾನಾಗಿ ಹೋಗಿದ್ದರೂ ಸರಿ, ವೈದ್ಯರು ತೆಗೆದಿದ್ದರೂ ಸರಿ, ಎರಡಕ್ಕೂ ಅದೊಂದೇ ಅಕ್ಷರ.

ನನ್ನ ಹಳೆಯ ಚೀಟಿಯಲ್ಲಿ ಪಿ 2, ಎಲ್ 1 ಎಂದಿದೆ. ಆ ಎರಡು ಅಂಕಿಗಳ ನಡುವೆ ಕೂಡದೆ ಉಳಿದ ಒಂದು ನನ್ನ ಮಗು. ವಾರ್ಡಿನಲ್ಲಿ ಅದೇ ಸಾಲನ್ನು ಸಾವಿರಾರು ಸಲ ಬೇರೆಯವರಿಗಾಗಿ ಬರೆದವಳಿಗೆ, ನನ್ನದೇ ಚೀಟಿಯಲ್ಲಿ ನೋಡುವವರೆಗೆ ಇದು ಹೊಳೆದಿರಲಿಲ್ಲ.

ಇದಾದ ಮೇಲೆ ವಾರಗಳ ಸಂಖ್ಯೆ ಹುಡುಕಿ. ಕೊನೆಯ ಮುಟ್ಟಿನ ಮೊದಲ ದಿನದಿಂದ ವಾರಗಳನ್ನು ಎಣಿಸುತ್ತಾರೆ, ಗರ್ಭ ನಿಂತ ದಿನದಿಂದಲ್ಲ. ಯಾವ ಪದ ಬಳಸಬೇಕು ಎಂಬುದನ್ನು ಈ ಸಂಖ್ಯೆಯೇ ತೀರ್ಮಾನಿಸುತ್ತದೆ. ನಮ್ಮ ಸುಶ್ರುತ ಸಂಹಿತೆಯಲ್ಲೂ ಇಂಥದ್ದೇ ವಿಂಗಡಣೆಯಿದೆ: ನಾಲ್ಕನೆಯ ತಿಂಗಳವರೆಗೆ ಹೋದರೆ ಗರ್ಭಸ್ರಾವ, ಮೈ ಗಟ್ಟಿಯಾದ ಮೇಲೆ ಐದು ಆರನೆಯ ತಿಂಗಳಲ್ಲಿ ಹೋದರೆ ಗರ್ಭಪಾತ. ಇಂದಿನ ವೈದ್ಯಪುಸ್ತಕಗಳಲ್ಲಿ ಸಾಮಾನ್ಯವಾಗಿ 20 ವಾರದೊಳಗಿನದು ಅಬಾರ್ಷನ್ ಅಥವಾ ಮಿಸ್‌ಕ್ಯಾರೇಜ್. ದೇಶದೇಶಗಳ ಅಂಕಿಗಳನ್ನು ಹೋಲಿಸಲು ವಿಶ್ವ ಆರೋಗ್ಯ ಸಂಸ್ಥೆ 28 ವಾರ ತುಂಬಿದ ಮೇಲಿನದನ್ನು ನಿರ್ಜೀವ ಜನನ ಎಂದು ಎಣಿಸುತ್ತದೆ. ನಮ್ಮ ನೋಂದಣಿಯ ನಿಯಮವೂ 28 ವಾರವೇ. ಬ್ರಿಟನ್ನಿನಲ್ಲಿ 24, ಅಮೆರಿಕದಲ್ಲಿ 20. ಹಾಗಾಗಿ 22 ವಾರಕ್ಕೆ ಮಗು ಕಳೆದುಕೊಂಡ ತಂಗಿಗೆ ಇಲ್ಲಿ ಒಂದು ಪದ ಬರೆದುಕೊಟ್ಟರೆ, ಅಮೆರಿಕದಲ್ಲಿರುವ ಅಕ್ಕನಿಗೆ ಅಲ್ಲಿನವರು ಇನ್ನೊಂದು ಪದ ಹೇಳುತ್ತಾರೆ. ನಡೆದದ್ದು ಒಂದೇ.

ಮೊದಲ ತಿಂಗಳುಗಳ ಪದಗಳು

ಅಬಾರ್ಷನ್ ಎಂಬ ಪದವನ್ನು ನಾವು ಮಾತಿನಲ್ಲಿ "ತೆಗೆಸಿಕೊಳ್ಳುವುದು" ಎಂಬ ಅರ್ಥದಲ್ಲೇ ಬಳಸುತ್ತೇವೆ. ಅಪಾರ್ಥ ಹುಟ್ಟುವುದು ಅಲ್ಲಿ. ವೈದ್ಯರ ಭಾಷೆಯಲ್ಲಿ ಅದು ಗರ್ಭ ಅವಧಿಗೆ ಮೊದಲು ಮುಗಿಯಿತು ಎಂಬುದಕ್ಕೆ ಒಟ್ಟಾರೆ ಹೆಸರು. ಅದರ ಹಿಂದೆ ಬರುವ ವಿಶೇಷಣವನ್ನು ನೋಡಬೇಕು.

ಸ್ಪಾಂಟೇನಿಯಸ್ ಎಂದಿದ್ದರೆ ತಾನಾಗಿ ಆದದ್ದು. ಥ್ರೆಟನ್ಡ್ ಎಂದಿದ್ದರೆ ಗರ್ಭ ಇನ್ನೂ ಹೋಗಿಲ್ಲ; ರಕ್ತ ಕಾಣಿಸಿಕೊಂಡಿದೆ, ಗರ್ಭಕೋಶದ ಬಾಯಿ ಮುಚ್ಚಿದೆ. ಇಂಥ ಎಷ್ಟೋ ಬಸಿರುಗಳು ಉಳಿದು ತಿಂಗಳು ತುಂಬುತ್ತವೆ. ಇನೆವಿಟಬಲ್ ಎಂದರೆ ಬಾಯಿ ತೆರೆದುಕೊಂಡಿದೆ, ಇನ್ನು ತಡೆಯಲಾಗದು. ಇನ್‌ಕಂಪ್ಲೀಟ್ ಎಂದರೆ ಸ್ವಲ್ಪ ಹೊರಬಂದು ಸ್ವಲ್ಪ ಒಳಗೇ ಉಳಿದಿದೆ. ಕಂಪ್ಲೀಟ್ ಎಂದರೆ ಪೂರ್ತಿ ಹೊರಬಂದಿದೆ. ಸೆಪ್ಟಿಕ್ ಎಂದರೆ ಸೋಂಕು ಸೇರಿದೆ, ತಡಮಾಡದೆ ಚಿಕಿತ್ಸೆ ಬೇಕು.

ಮಿಸ್ಡ್ ಎಂಬುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಅತಿ ಹೆಚ್ಚು ಮನೆಗಳಲ್ಲಿ ಜಗಳ ತಂದ ಪದ ಇದು. ಮಗುವಿನ ಬೆಳವಣಿಗೆ ನಿಂತಿದೆ, ಆದರೆ ದೇಹಕ್ಕೆ ಅದರ ಸುಳಿವು ಸಿಕ್ಕಿಲ್ಲ. ರಕ್ತವಿಲ್ಲ, ನೋವಿಲ್ಲ, ಕೆಲವರಿಗೆ ವಾಕರಿಕೆ ಕೂಡ ಮುಂದುವರಿದಿರುತ್ತದೆ. ತಾಯಿ ಏನನ್ನೋ ತಪ್ಪಿಸಿದಳು, ಮಾತ್ರೆ ಮರೆತಳು, ತಪಾಸಣೆಗೆ ಹೋಗಲಿಲ್ಲ ಎಂಬ ಯಾವ ಅರ್ಥವೂ ಅದರಲ್ಲಿಲ್ಲ. ಇಂಥ ಗರ್ಭವನ್ನು ಹೊರತರಲು ಮಿಫೆಪ್ರಿಸ್ಟೋನ್, ಮಿಸೊಪ್ರೋಸ್ಟಾಲ್ ಎಂಬ ಮಾತ್ರೆಗಳನ್ನು ಕೊಡುತ್ತಾರೆ. ಗರ್ಭ ತೆಗೆಸುವುದಕ್ಕೂ ಅವೇ ಮಾತ್ರೆಗಳು. ಚೀಟಿಯಲ್ಲಿ ಔಷಧಿಯ ಹೆಸರು ನೋಡಿ ಮೊಬೈಲಿನಲ್ಲಿ ಹುಡುಕಿದ ಗಂಡಂದಿರು ವಾರ್ಡಿಗೆ ಬಂದು ಕೂಗಾಡಿದ್ದಾರೆ. ಆ ಮಾತ್ರೆಯನ್ನು ಆಸ್ಪತ್ರೆಯಲ್ಲಿ, ಗರ್ಭ ನಿಂತುಹೋದದ್ದು ಖಚಿತವಾದ ಮೇಲೆ ಕೊಟ್ಟದ್ದು ಎಂಬುದು ಅದೇ ಚೀಟಿಯ ದಿನಾಂಕಗಳಲ್ಲಿರುತ್ತದೆ. ಸ್ಕ್ಯಾನ್ ಆದ ದಿನ, ಮಾತ್ರೆ ಕೊಟ್ಟ ದಿನ, ಎರಡನ್ನೂ ಬೆರಳಿಟ್ಟು ತೋರಿಸಿ. ಆ ಬೆಳಿಗ್ಗೆ ಅತ್ತೆಗೆ ನಾನು ತೋರಿಸಿದ್ದೂ ಅದನ್ನೇ.

ಖಚಿತವಾಗುವುದು ಹೇಗೆ ಎಂಬುದನ್ನೂ ತಿಳಿದಿರಿ. ಭ್ರೂಣದ ಉದ್ದ 7 ಮಿಲಿಮೀಟರ್ ಅಥವಾ ಹೆಚ್ಚಿದ್ದೂ ಹೃದಯ ಬಡಿತ ಕಾಣದಿದ್ದರೆ, ಅಥವಾ ಚೀಲದ ಸರಾಸರಿ ಅಳತೆ 25 ಮಿಲಿಮೀಟರ್ ಅಥವಾ ಹೆಚ್ಚಿದ್ದೂ ಒಳಗೆ ಭ್ರೂಣ ಕಾಣದಿದ್ದರೆ ಗರ್ಭದ ಬೆಳವಣಿಗೆ ನಿಂತಿದೆ ಎನ್ನುತ್ತಾರೆ. ಅಳತೆ ಅದಕ್ಕಿಂತ ಚಿಕ್ಕದಿದ್ದರೆ ಒಂದೆರಡು ವಾರ ಬಿಟ್ಟು ಮತ್ತೆ ಸ್ಕ್ಯಾನ್ ಮಾಡಬೇಕು. ಅನುಮಾನವಿದ್ದಾಗ "ಇನ್ನೊಂದು ಸಲ ನೋಡೋಣವೇ ಡಾಕ್ಟರ್?" ಎಂದು ಕೇಳುವ ಹಕ್ಕು ನಿಮಗಿದೆ. ಒಳ್ಳೆಯ ವೈದ್ಯರು ಅದಕ್ಕೆ ಬೇಸರಪಡುವುದಿಲ್ಲ.

ಬ್ಲೈಟೆಡ್ ಓವಮ್ ಎಂದು ಬರೆದಿದ್ದರೆ ಚೀಲ ಬೆಳೆದಿದೆ, ಒಳಗೆ ಮಗು ರೂಪುಗೊಂಡಿಲ್ಲ ಎಂದರ್ಥ. ಕೆಮಿಕಲ್ ಪ್ರೆಗ್ನೆನ್ಸಿ ಎಂದರೆ ಪರೀಕ್ಷೆಯಲ್ಲಿ ಎರಡು ಗೆರೆ ಬಂದು, ಸ್ಕ್ಯಾನಿನಲ್ಲಿ ಏನೂ ಕಾಣುವ ಮೊದಲೇ ಹೋದದ್ದು. ರಾಸಾಯನಿಕ ವಸ್ತುವಿಗೂ ಇದಕ್ಕೂ ಸಂಬಂಧವಿಲ್ಲ. ಎಕ್ಟೋಪಿಕ್ ಎಂದರೆ ಗರ್ಭಕೋಶದ ಹೊರಗೆ, ಬಹುತೇಕ ನಾಳದಲ್ಲಿ, ನಿಂತ ಗರ್ಭ. ನಾಳ ಒಡೆದರೆ ಪ್ರಾಣಕ್ಕೇ ಅಪಾಯ. ಮುಟ್ಟು ತಪ್ಪಿದವಳಿಗೆ ಕಿಬ್ಬೊಟ್ಟೆಯ ಒಂದು ಬದಿ ನೋವು, ತಲೆಸುತ್ತು, ಭುಜದ ತುದಿಯಲ್ಲಿ ನೋವು ಬಂದರೆ ಮನೆಯಲ್ಲಿ ಕಷಾಯ ಕಾಯಿಸುತ್ತಾ ಕೂರಬೇಡಿ, 108ಕ್ಕೆ ಕರೆ ಮಾಡಿ. ಮೋಲಾರ್ ಅಥವಾ ವೆಸಿಕ್ಯುಲರ್ ಮೋಲ್ ಎಂದಿದ್ದರೆ ಮಾಸಿನ ಅಂಶ ಅಸಹಜವಾಗಿ, ದ್ರಾಕ್ಷಿ ಗೊಂಚಲಿನಂತೆ, ಬೆಳೆದಿದೆ. ಅದನ್ನು ತೆಗೆದ ಮೇಲೂ ರಕ್ತದಲ್ಲಿ ಎಚ್‌ಸಿಜಿ ಎಂಬ ಬಸಿರಿನ ಹಾರ್ಮೋನ್ ಸಂಪೂರ್ಣ ಇಳಿಯುವುದನ್ನು ತಿಂಗಳುಗಟ್ಟಲೆ ನೋಡಬೇಕು, ವೈದ್ಯರು ಸರಿ ಎನ್ನುವವರೆಗೆ ಮತ್ತೆ ಬಸಿರಾಗಬಾರದು. "ಎಲ್ಲ ತೆಗೆದಾಯಿತಲ್ಲ" ಎಂದು ಈ ಪರೀಕ್ಷೆ ಬಿಡಬೇಡಿ; ಕೆಲವರಲ್ಲಿ ಅದು ಕ್ಯಾನ್ಸರಿನ ಕಡೆಗೆ ತಿರುಗುತ್ತದೆ, ಬೇಗ ಹಿಡಿದರೆ ಗುಣವಾಗುತ್ತದೆ.

ಸರ್ವೈಕಲ್ ಇನ್‌ಕಾಂಪಿಟೆನ್ಸ್ ಎಂಬ ಪದ ಕಂಡರೆ ಅದನ್ನು "ಅಸಮರ್ಥಳು" ಎಂದು ಓದಿಕೊಳ್ಳಬೇಡಿ. ಗರ್ಭಕೋಶದ ಬಾಯಿ ಭಾರ ತಡೆಯದೆ ನಾಲ್ಕೈದನೆಯ ತಿಂಗಳಲ್ಲಿ ನೋವಿಲ್ಲದೆ ತೆರೆದುಕೊಳ್ಳುತ್ತದೆ ಎಂದಷ್ಟೇ ಅದರ ಅರ್ಥ. ಮುಂದಿನ ಬಸಿರಿನಲ್ಲಿ 12ರಿಂದ 14 ವಾರದ ಹೊತ್ತಿಗೆ ಅಲ್ಲಿ ಹೊಲಿಗೆ ಹಾಕುತ್ತಾರೆ.

ಇನ್ನು ಕಾರಣ. ಗೊತ್ತಾದ ಬಸಿರುಗಳಲ್ಲಿ ನೂರಕ್ಕೆ 10ರಿಂದ 15 ಹೀಗೆ ತಾನಾಗಿ ಹೋಗುತ್ತವೆ, ಅವುಗಳಲ್ಲಿ ಹೆಚ್ಚಿನವು ಮೊದಲ 12 ವಾರಗಳಲ್ಲಿ. ಈ ಮೊದಲ ತಿಂಗಳುಗಳ ನಷ್ಟದಲ್ಲಿ ಸುಮಾರು ಅರ್ಧಕ್ಕೆ, ಅಥವಾ ಅದಕ್ಕೂ ಹೆಚ್ಚಿನದಕ್ಕೆ, ಕಾರಣ ಕ್ರೋಮೊಸೋಮ್‌ಗಳ ಲೆಕ್ಕ ತಪ್ಪುವುದು. ಕ್ರೋಮೊಸೋಮ್ ಎಂದರೆ ಜೀವಕೋಶದೊಳಗೆ ವಂಶವಾಹಿಗಳನ್ನು ಹೊತ್ತ ಎಳೆ; ಮನುಷ್ಯನ ಜೀವಕೋಶದಲ್ಲಿ 46 ಇರಬೇಕು. ಅಂಡ ಅಥವಾ ವೀರ್ಯಾಣು ರೂಪುಗೊಳ್ಳುವಾಗ ಒಂದು ಹೆಚ್ಚೋ ಕಡಿಮೆಯೋ ಆಗಿಬಿಡುತ್ತದೆ. 16ನೆಯ ಕ್ರೋಮೊಸೋಮ್ ಎರಡರ ಬದಲು ಮೂರು ಬರುವುದು ಹೀಗೆ ಹೋದ ಗರ್ಭಗಳಲ್ಲಿ ತುಂಬ ಸಾಮಾನ್ಯ. ತಾಯಿಯ ವಯಸ್ಸು 35 ದಾಟಿದ ಮೇಲೆ ಈ ತಪ್ಪು ಹೆಚ್ಚುತ್ತದೆ. ಸ್ಕೂಟರಿನಲ್ಲಿ ಹೋದದ್ದರಿಂದ, ಒಂದು ಕೊಡ ನೀರು ಎತ್ತಿದ್ದರಿಂದ, ಗ್ರಹಣದ ದಿನ ಹೊರಗೆ ಬಂದದ್ದರಿಂದ, ಒಂದು ಹೋಳು ಪರಂಗಿಹಣ್ಣು ತಿಂದದ್ದರಿಂದ, ಗಂಡನ ಜೊತೆ ಜಗಳವಾಡಿ ಅತ್ತದ್ದರಿಂದ 46 ಎಂಬುದು 47 ಆಗುವುದಿಲ್ಲ. ಆ ಲೆಕ್ಕ ತಪ್ಪಿದ್ದು ನಿಮಗೆ ಬಸಿರು ಗೊತ್ತಾಗುವ ಮೊದಲೇ.

ಎರಡು ಮೂರು ಸಲ ಹೀಗೆ ಹೋದರೆ ಅದನ್ನು ರಿಕರೆಂಟ್ ಎನ್ನುತ್ತಾರೆ. ಆಗ ಪರೀಕ್ಷೆಗಳು ಬೇಕು. ಥೈರಾಯ್ಡ್, ಸಕ್ಕರೆ, ಗರ್ಭಕೋಶದ ಆಕಾರ ನೋಡುವ ಸ್ಕ್ಯಾನ್, ಗಂಡ ಹೆಂಡತಿ ಇಬ್ಬರ ಕ್ರೋಮೊಸೋಮ್ ಪರೀಕ್ಷೆ, ಮತ್ತು ಎಪಿಎಲ್‌ಎ. ಈ ಕೊನೆಯದು ರಕ್ತ ಹೆಪ್ಪುಗಟ್ಟುವ ಒಂದು ತೊಂದರೆಯ ಪರೀಕ್ಷೆ. ಒಮ್ಮೆ ಪಾಸಿಟಿವ್ ಬಂದರೆ ಸಾಲದು, 12 ವಾರ ಬಿಟ್ಟು ಮತ್ತೆ ಬರಬೇಕು; ಬಂದರೆ ಕಡಿಮೆ ಪ್ರಮಾಣದ ಆಸ್ಪಿರಿನ್ ಮತ್ತು ಹೆಪಾರಿನ್ ಚುಚ್ಚುಮದ್ದಿನಿಂದ ಎಷ್ಟೋ ಬಸಿರುಗಳು ಉಳಿಯುತ್ತವೆ. "ಇಬ್ಬರ" ಎಂಬ ಪದವನ್ನು ಗಮನಿಸಿ. ಗಂಡನನ್ನು ರಕ್ತಪರೀಕ್ಷೆಗೆ ಕಳುಹಿಸಲು ಒಪ್ಪದ ಮನೆಗಳಿವೆ. ಕಾರಣ ಅರ್ಧ ಕಡೆಯಲ್ಲಿ ಮಾತ್ರ ಹುಡುಕಿದರೆ ಸಿಗುವುದಾದರೂ ಹೇಗೆ? ಟಾರ್ಚ್ ಎಂಬ ಸೋಂಕಿನ ಪರೀಕ್ಷೆಯನ್ನು ಮಾತ್ರ ಪದೇಪದೇ ಗರ್ಭ ಹೋಗುವವರಿಗೆಲ್ಲ ಬರೆಯುವ ರೂಢಿಯಿದೆ. ಅದರಿಂದ ಈ ವಿಷಯದಲ್ಲಿ ಉಪಯೋಗವಿಲ್ಲ ಎನ್ನುತ್ತವೆ ವೈದ್ಯಕೀಯ ಮಾರ್ಗಸೂಚಿಗಳು. ಸಾಲ ಮಾಡಿ ಅದನ್ನು ಮಾಡಿಸುವ ಮೊದಲು "ಇದರಿಂದ ನನ್ನ ಚಿಕಿತ್ಸೆ ಬದಲಾಗುತ್ತದೆಯೇ?" ಎಂದು ಕೇಳಿ.

ಕೊನೆಯ ತಿಂಗಳುಗಳ ಪದಗಳು

ಐಯುಡಿ ಅಥವಾ ಐಯುಎಫ್‌ಡಿ ಎಂದು ಬರೆದಿದ್ದರೆ ಮಗು ಗರ್ಭದೊಳಗೇ ತೀರಿಕೊಂಡಿದೆ ಎಂದರ್ಥ. ಕಾಪರ್ ಟಿ ವಂಕಿಗೂ ಐಯುಡಿ ಎಂದೇ ಬರೆಯುವವರಿದ್ದಾರೆ. "ಹೆರಿಗೆಯಾದ ದಿನವೇ ವಂಕಿ ಹಾಕಿದ್ದೀರಂತೆ, ಕೇಳದೆ ಯಾಕೆ ಹಾಕಿದಿರಿ" ಎಂದು ಒಬ್ಬ ತಂದೆ ಕಣ್ಣಲ್ಲಿ ನೀರು ತುಂಬಿಕೊಂಡು ಕೇಳಿದ್ದರು. ಚೀಟಿಯಲ್ಲಿ ಈ ಮೂರು ಅಕ್ಷರ ಕಂಡರೆ ಯಾವುದನ್ನು ಉದ್ದೇಶಿಸಿ ಬರೆದಿದ್ದಾರೆ ಎಂದು ಕೇಳಿ, ಪೂರ್ತಿ ಪದ ಬರೆಸಿಕೊಳ್ಳಿ.

ಎಫ್‌ಎಸ್‌ಬಿ, ಎಂಎಸ್‌ಬಿ ಎಂಬವು ನಿರ್ಜೀವ ಜನನದ ಎರಡು ಬಗೆಗಳು. ಮೊದಲನೆಯದು ಫ್ರೆಶ್: ಮಗುವಿನ ಚರ್ಮ ಹಾಗೇ ಇದೆ, ಸಾವು ಹೆರಿಗೆಯ ನೋವಿನ ಹೊತ್ತಿನಲ್ಲಿ ಅಥವಾ ಅದಕ್ಕೆ ಸ್ವಲ್ಪ ಮೊದಲು ಆಗಿರಬಹುದು. ಎರಡನೆಯದು ಮೆಸರೇಟೆಡ್: ಸಾವು ಸಂಭವಿಸಿ ಹಲವು ಗಂಟೆಗಳು, ಸಾಮಾನ್ಯವಾಗಿ ಅರ್ಧ ದಿನಕ್ಕಿಂತ ಹೆಚ್ಚು, ಕಳೆದಿವೆ, ಗರ್ಭದ ನೀರಿನಲ್ಲಿ ನೆನೆದು ಚರ್ಮ ಸುಲಿದಿರುತ್ತದೆ. ಆ ಸುಲಿದ ಚರ್ಮ ನೋಡಿ "ಸುಟ್ಟಿದ್ದೀರಾ, ಒರಟಾಗಿ ಎಳೆದಿರಾ" ಎಂದು ಕೇಳುವವರಿದ್ದಾರೆ, ಶಾಪ ಎನ್ನುವವರೂ ಇದ್ದಾರೆ. ಎರಡೂ ಅಲ್ಲ. ಈ ವ್ಯತ್ಯಾಸಕ್ಕೆ ದೊಡ್ಡ ಬೆಲೆಯಿದೆ, ಏಕೆಂದರೆ ಕಾರಣವನ್ನು ಎಲ್ಲಿ ಹುಡುಕಬೇಕು ಎಂಬುದನ್ನು ಅದು ತೋರಿಸುತ್ತದೆ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 20 ಲಕ್ಷ ನಿರ್ಜೀವ ಜನನಗಳಾಗುತ್ತವೆ, ಅವುಗಳಲ್ಲಿ ನೂರಕ್ಕೆ 40ಕ್ಕಿಂತ ಹೆಚ್ಚು ಹೆರಿಗೆಯ ನೋವಿನ ಹೊತ್ತಿನಲ್ಲೇ ಆಗುವಂಥವು. ಅಂದರೆ ಹೆರಿಗೆ ಕೋಣೆಯಲ್ಲಿ ಮಗುವಿನ ಎದೆಬಡಿತವನ್ನು ಸರಿಯಾಗಿ ಕೇಳಿಸಿಕೊಂಡಿದ್ದರೆ, ಸಿಸೇರಿಯನ್ನಿಗೆ ಹೊತ್ತಿಗೆ ಸರಿಯಾಗಿ ಕರೆದೊಯ್ದಿದ್ದರೆ, ಉಳಿಸಬಹುದಾದ ಮಕ್ಕಳು ಅವರಲ್ಲಿ ಬಹಳ. 2014ರಲ್ಲಿ ಆರಂಭವಾದ ಭಾರತ ನವಜಾತ ಶಿಶು ಕ್ರಿಯಾಯೋಜನೆ, 2030ರೊಳಗೆ ಸಾವಿರ ಹೆರಿಗೆಗೆ ಹತ್ತಕ್ಕಿಂತ ಕಡಿಮೆ ನಿರ್ಜೀವ ಜನನ ಎಂಬ ಗುರಿ ಇಟ್ಟುಕೊಂಡದ್ದು ಇದೇ ನಂಬಿಕೆಯಿಂದ. ನನ್ನ ವೃತ್ತಿಯವರು ಈ ಮಾತನ್ನು ನೋವಿನಿಂದಲೇ ಒಪ್ಪಿಕೊಳ್ಳಬೇಕು.

ನನ್ನದನ್ನು ಹೇಳುತ್ತೇನೆ. ಮೂವತ್ತಮೂರನೆಯ ವಾರ, ರಾತ್ರಿ ಪಾಳಿ ಮುಗಿಸಿ ಮನೆಗೆ ಬಂದಿದ್ದೆ. ಹೊಟ್ಟೆ ಕಲ್ಲಿನಂತೆ ಗಟ್ಟಿಯಾಯಿತು, ಸಡಿಲವಾಗಲೇ ಇಲ್ಲ. ಹೆರಿಗೆ ನೋವು ಬಂದು ಹೋಗುತ್ತದೆ. ಇದು ಬಂದು ನಿಂತುಬಿಟ್ಟಿತು. ಹೊರಗೆ ಒಂದೇ ಒಂದು ಹನಿ ರಕ್ತ. ನನಗೆ ಗೊತ್ತಿತ್ತು, ಗೊತ್ತಿದ್ದೂ ಅರ್ಧ ಗಂಟೆ ಗ್ಯಾಸ್ಟ್ರಿಕ್ ಇರಬಹುದು ಎಂದು ನನಗೇ ಹೇಳಿಕೊಂಡೆ. ಅಬ್ರಪ್ಷನ್ ಎನ್ನುತ್ತಾರೆ ಅದಕ್ಕೆ: ಮಗು ಹುಟ್ಟುವ ಮೊದಲೇ ಮಾಸು ಗರ್ಭಕೋಶದ ಗೋಡೆಯಿಂದ ಬಿಟ್ಟುಕೊಳ್ಳುವುದು. ರಕ್ತ ಹಿಂದೆಯೇ ಕಟ್ಟಿಕೊಂಡು ಹೊರಗೆ ಕಾಣದೆಯೂ ಇರಬಹುದು. ನನ್ನ ಚೀಟಿಯಲ್ಲಿ "ಮಾಸಿನ ಹಿಂದೆ ಸುಮಾರು 400 ಗ್ರಾಂ ಹೆಪ್ಪುಗಟ್ಟಿದ ರಕ್ತ" ಎಂದಿದೆ. ಆ ಒಂದು ಸಾಲು ಇರದಿದ್ದರೆ, ರಾತ್ರಿ ಪಾಳಿ ಮಾಡಿದ್ದರಿಂದಲೇ ಹೀಗಾಯಿತು ಎಂದು ನಾನು ಇಂದಿಗೂ ನಂಬಿಕೊಂಡಿರುತ್ತಿದ್ದೆನೇನೋ. ನನಗೆ ಆಗ ಬಿಪಿ ಏರಿತ್ತು, ಅದಕ್ಕೂ ಅಬ್ರಪ್ಷನ್‌ಗೂ ನೇರ ನಂಟಿದೆ.

ಏರಿದ ಬಿಪಿ, ಅದರಲ್ಲೂ ಬಸಿರಿನಲ್ಲಿ ಬಿಪಿ ಏರಿ ಅಂಗಗಳಿಗೂ ತೊಂದರೆ ಕೊಡುವ ಪ್ರಿ-ಎಕ್ಲಾಂಪ್ಸಿಯಾ, ಕೊನೆಯ ತಿಂಗಳುಗಳ ನಷ್ಟದ ದೊಡ್ಡ ಕಾರಣಗಳಲ್ಲೊಂದು. ಮಾಸಿಗೆ ರಕ್ತ ಸಾಲದೆ ಮಗು ಬೆಳೆಯುವುದಿಲ್ಲ. ಚೀಟಿಯಲ್ಲಿ ಐಯುಜಿಆರ್ ಅಥವಾ ಎಫ್‌ಜಿಆರ್ ಎಂದು ಬರೆದಿದ್ದರೆ ಅದು ಈ ಬೆಳವಣಿಗೆ ಕುಂಠಿತವಾದ ಮಗು. ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ತೀವ್ರ ರಕ್ತಹೀನತೆ, ಸಿಫಿಲಿಸ್, ಮಲೇರಿಯಾ, ಅವಧಿ ಮೀರಿದ ಬಸಿರು, ತಲೆಬುರುಡೆ ರೂಪುಗೊಳ್ಳದಂತಹ ಜನ್ಮಜಾತ ದೋಷಗಳು ಉಳಿದ ಕಾರಣಗಳು. ಹತ್ತಿರದ ಸಂಬಂಧದಲ್ಲಿ, ಸೋದರಮಾವನ ಜೊತೆಗೋ ಅತ್ತೆಯ ಮಗನ ಜೊತೆಗೋ, ಮದುವೆಯಾದವರಲ್ಲಿ ಕೆಲವು ಆನುವಂಶಿಕ ಕಾಯಿಲೆಗಳ ಸಾಧ್ಯತೆ ಹೆಚ್ಚು. ನಮ್ಮ ಕಡೆ ಇಂಥ ಮದುವೆಗಳು ಸಾಮಾನ್ಯವಾದ್ದರಿಂದ ವೈದ್ಯರು ಕೇಳದಿದ್ದರೂ ನೀವೇ ಹೇಳಿ. ಅಂಗೈ ಅಂಗಾಲು ತುರಿಕೆ, ಅದರಲ್ಲೂ ರಾತ್ರಿ ಹೆಚ್ಚುವ ತುರಿಕೆ, ಪಿತ್ತಜನಕಾಂಗದ ಕೊಲೆಸ್ಟಾಸಿಸ್ ಎಂಬ ತೊಂದರೆಯ ಲಕ್ಷಣವಾಗಿರಬಹುದು. ಅದನ್ನು ಉಷ್ಣ ಎಂದು ಎಳನೀರು ಕುಡಿಸಿ ಸುಮ್ಮನಿರಬೇಡಿ, ಬೈಲ್ ಆಸಿಡ್ ಪರೀಕ್ಷೆ ಮಾಡಿಸಿ.

ಹೊಕ್ಕುಳಬಳ್ಳಿ ಕುತ್ತಿಗೆಗೆ ಸುತ್ತಿಕೊಂಡಿತ್ತು ಎಂಬ ಕಾರಣವನ್ನು ನಾನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ನಾಲ್ಕೈದು ಹೆರಿಗೆಗೆ ಒಂದರಲ್ಲಾದರೂ ಬಳ್ಳಿ ಸುತ್ತಿಕೊಂಡೇ ಇರುತ್ತದೆ, ನಾವು ಬೆರಳಿನಿಂದ ಜಾರಿಸಿ ತೆಗೆಯುತ್ತೇವೆ, ಮಗು ಅಳುತ್ತದೆ. ಬಳ್ಳಿ ಗಂಟಾಗಿ ಬಿಗಿದಿತ್ತೇ, ಮಗುವಿಗಿಂತ ಮೊದಲು ಹೊರಬಂದಿತ್ತೇ ಎಂದು ಕೇಳಿ. ಇಲ್ಲವೆಂದರೆ ಬೇರೆ ಕಾರಣ ಹುಡುಕಬೇಕು.

ಮಾಸನ್ನು ಎಸೆಯುವ ಮೊದಲು

ಹೆರಿಗೆಯಾದ ಒಂದೆರಡು ಗಂಟೆಗಳಲ್ಲಿ ಕೇಳದಿದ್ದರೆ ಆಮೇಲೆ ಕೇಳಿ ಪ್ರಯೋಜನವಿಲ್ಲದ ಮಾತು ಇದು: "ಮಾಸನ್ನು ಪರೀಕ್ಷೆಗೆ ಕಳುಹಿಸುತ್ತೀರಾ?" ಮಗುವಿನ ಸಾವಿನ ಕಾರಣ ಬಹಳ ಸಲ ಮಾಸಿನಲ್ಲೇ ಇರುತ್ತದೆ. ಅದನ್ನು ಫಾರ್ಮಲಿನ್ ದ್ರವದಲ್ಲಿಟ್ಟು ಪೆಥಾಲಜಿಗೆ ಕಳುಹಿಸಬೇಕು. ತಾಯಿ ಕೇಳುವ ಸ್ಥಿತಿಯಲ್ಲಿ ಇರುವುದಿಲ್ಲ. ಹೊರಗೆ ನಿಂತ ಗಂಡ, ತಾಯಿ, ಆಶಾ ಕಾರ್ಯಕರ್ತೆ, ಯಾರಾದರೂ ಕೇಳಿ. ಸೌಲಭ್ಯವಿದ್ದರೆ ಮಗುವಿನ ಕ್ರೋಮೊಸೋಮ್ ಪರೀಕ್ಷೆ, ಶವಪರೀಕ್ಷೆ. ಶವಪರೀಕ್ಷೆಗೆ ಒಪ್ಪಲು ಮನಸ್ಸು ಬಾರದಿದ್ದರೆ ಎಕ್ಸ್‌ರೇ ಮತ್ತು ಚಿತ್ರಗಳನ್ನಾದರೂ ತೆಗೆಯಿರಿ ಎಂದು ಹೇಳಬಹುದು. ತಾಯಿಯ ರಕ್ತದಲ್ಲಿ ಸಕ್ಕರೆ, ಥೈರಾಯ್ಡ್, ಸಿಫಿಲಿಸ್ ಪರೀಕ್ಷೆ, ಎಪಿಎಲ್‌ಎ. ಎಲ್ಲ ಮಾಡಿದರೂ ಒಂದಷ್ಟು ಸಲ ಕಾರಣ ಸಿಗುವುದಿಲ್ಲ. "ಅನ್‌ಎಕ್ಸ್‌ಪ್ಲೇನ್ಡ್" ಎಂದು ಬರೆಯುತ್ತಾರೆ. ಹುಡುಕಿ ಸಿಗದಿರುವುದಕ್ಕೂ ಹುಡುಕದೆಯೇ ಹಾಗೆ ಬರೆಯುವುದಕ್ಕೂ ವ್ಯತ್ಯಾಸವಿದೆ, ಅದನ್ನು ಕೇಳಿ ತಿಳಿದುಕೊಳ್ಳಿ.

ಮಗುವನ್ನು ನೋಡಬೇಕೆನಿಸಿದರೆ ಕೇಳಿ. ನಾವು ಹಿಂದೆ ತಾಯಿ ತಡೆದುಕೊಳ್ಳಲಾರಳು ಎಂದು ಬೇಗ ಬಟ್ಟೆ ಸುತ್ತಿ ಗಂಡಸರ ಕೈಗೆ ಕೊಟ್ಟು ಕಳುಹಿಸುತ್ತಿದ್ದೆವು. ನನ್ನದನ್ನೂ ಹಾಗೆಯೇ ಕಳುಹಿಸಿದರು. ಹಸಿರು ಆಪರೇಷನ್ ಬಟ್ಟೆಯ ಒಂದು ಮೂಲೆ ಬಾಗಿಲಿನಲ್ಲಿ ಕಂಡದ್ದು, ಅಷ್ಟೇ ನನ್ನ ನೆನಪು. ಅದಾದ ಮೇಲೆ ನನ್ನ ಪಾಳಿಯಲ್ಲಿ ನಾನು ಪ್ರತಿ ತಾಯಿಯನ್ನೂ ಕೇಳಿದ್ದೇನೆ. ಬೇಡ ಎಂದವರಿದ್ದಾರೆ. ಬೇಕು ಎಂದು ಎತ್ತಿಕೊಂಡು ಬೆರಳುಗಳನ್ನು ಎಣಿಸಿದವರಲ್ಲಿ ಒಬ್ಬರೂ ಆಮೇಲೆ ನನ್ನನ್ನು ದೂರಲಿಲ್ಲ.

ಮನೆಗೆ ಹೋದ ಮೇಲೆ

ನಿಮ್ಮ ರಕ್ತದ ಗುಂಪು ನೆಗೆಟಿವ್, ಗಂಡನದು ಪಾಸಿಟಿವ್ ಆಗಿದ್ದರೆ ಮುಂದಿನ ಮಗುವಿನ ರಕ್ತಕ್ಕೆ ತೊಂದರೆಯಾಗದಂತೆ ಕಾಯುವ ಆಂಟಿ-ಡಿ ಚುಚ್ಚುಮದ್ದನ್ನು 72 ಗಂಟೆಯೊಳಗೆ ಕೊಟ್ಟಿದ್ದಾರೆಯೇ ಎಂದು ಚೀಟಿಯಲ್ಲಿ ನೋಡಿ. ಹೆರಿಗೆಗೆ ಮಾತ್ರ ಬೇಕು, ಗರ್ಭ ಹೋದರೆ ಬೇಡ ಎಂದು ತಿಳಿದು ಬಿಟ್ಟುಬಿಡುತ್ತಾರೆ. ಮೊದಲ ತಿಂಗಳುಗಳಲ್ಲೇ ಹೋಗಿದ್ದರೂ ಆಸ್ಪತ್ರೆ ಬಿಡುವ ಮೊದಲು ಈ ಪ್ರಶ್ನೆ ಕೇಳಿಯೇ ಹೊರಡಿ.

ಬಸಿರು ನಾಲ್ಕೈದು ತಿಂಗಳು ದಾಟಿದ್ದರೆ ಎರಡು ಮೂರು ದಿನಕ್ಕೆ ಎದೆಯಲ್ಲಿ ಹಾಲು ತುಂಬಿಕೊಳ್ಳುತ್ತದೆ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ಅದು ಬಂದ ಕ್ಷಣ ತಾಯಿ ಕುಸಿದುಹೋಗುತ್ತಾಳೆ. ನಮ್ಮ ಕಡೆ ಮಲ್ಲಿಗೆ ಹೂವನ್ನು ಎದೆಗೆ ಕಟ್ಟುತ್ತಾರೆ, ಕಟ್ಟಬಹುದು. ಬಟ್ಟೆಯಿಂದ ಬಿಗಿದು ಕಟ್ಟುವುದು ಮಾತ್ರ ಬೇಡ. ಹಾಲು ಗಂಟುಕಟ್ಟಿ ಜ್ವರ ಬರುತ್ತದೆ. ತಣ್ಣನೆಯ ಬಟ್ಟೆ, ಹಿತವಾದ ಒಳಉಡುಪು, ನೋವಿಗೆ ಪ್ಯಾರಸಿಟಮಾಲ್ ಸಾಕು. ಹಾಲು ನಿಲ್ಲಿಸಲು ಕ್ಯಾಬರ್ಗೋಲಿನ್ ಮಾತ್ರೆಯಿದೆ, ಬಿಪಿ ಏರಿದ್ದವರಿಗೆ ಅದು ಆಗದು, ಆದ್ದರಿಂದ ಕೇಳದೆ ಅಂಗಡಿಯಿಂದ ತರಬೇಡಿ. ರಕ್ತಸ್ರಾವ ಗಂಟೆಗೆ ಎರಡು ಪ್ಯಾಡ್ ನೆನೆಯುವಷ್ಟಾದರೆ, ಜ್ವರ ಬಂದರೆ, ದುರ್ವಾಸನೆಯಿದ್ದರೆ ಅದೇ ಹೊತ್ತಿನಲ್ಲಿ ಆಸ್ಪತ್ರೆಗೆ ಹೋಗಿ.

28 ವಾರ ತುಂಬಿದ್ದರೆ 1969ರ ಜನನ ಮರಣ ನೋಂದಣಿ ಕಾಯ್ದೆಯಡಿ ನಿರ್ಜೀವ ಜನನವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ಅದಕ್ಕೆ ಪ್ರತ್ಯೇಕ ನಮೂನೆ 3 ಇದೆ. ಆಸ್ಪತ್ರೆಯಲ್ಲಿ ಆಗಿದ್ದರೆ ಆಸ್ಪತ್ರೆಯವರೇ ವರದಿ ಮಾಡಬೇಕು. ಮಾಡಿದ್ದಾರೆಯೇ ಎಂದು ಕೇಳಿ. ಲೆಕ್ಕಕ್ಕೆ ಸೇರಿದ ಮಗುವಿನ ಬಗ್ಗೆ ಮಾತ್ರ ಸರ್ಕಾರ ಯೋಚಿಸುತ್ತದೆ. ಕೆಲಸಕ್ಕೆ ಹೋಗುವವರು ರಜೆಯ ಹಕ್ಕನ್ನೂ ತಿಳಿದಿರಲಿ. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿ ಗರ್ಭಪಾತಕ್ಕೆ ಆರು ವಾರಗಳ ಸಂಬಳ ಸಹಿತ ರಜೆ ಇಟ್ಟಿದ್ದರು, ಮತ್ತು ಆ ಕಾಯ್ದೆಯ "ಮಗು" ಎಂಬ ಪದದ ವ್ಯಾಖ್ಯೆಯಲ್ಲೇ ನಿರ್ಜೀವವಾಗಿ ಹುಟ್ಟಿದ ಮಗುವೂ ಸೇರಿತ್ತು. ಅಂದರೆ ಕೊನೆಯ ತಿಂಗಳುಗಳಲ್ಲಿ ಮಗು ಕಳೆದುಕೊಂಡವಳಿಗೂ ಹೆರಿಗೆ ರಜೆಯೇ ಆಗಿತ್ತು. 2025ರ ನವೆಂಬರಿನಿಂದ ಆ ಕಾಯ್ದೆಯ ಜಾಗದಲ್ಲಿ ಸಾಮಾಜಿಕ ಭದ್ರತಾ ಸಂಹಿತೆ ಇದೆ. "ಮಗು ಇಲ್ಲವಲ್ಲ, ರಜೆ ಯಾಕೆ" ಎಂದ ಮೇಲಧಿಕಾರಿಗೆ ಈಗಿನ ಕಾನೂನಿನ ವ್ಯಾಖ್ಯೆಯನ್ನು ಓದಿ ಹೇಳಿ.

ಮುಂದಿನ ಬಸಿರಿಗೆ

ಯಾವಾಗ ಎಂಬುದಕ್ಕೆ ಎಲ್ಲರಿಗೂ ಒಂದೇ ಉತ್ತರವಿಲ್ಲ. ಎರಡನೆಯ ತಿಂಗಳ ನಷ್ಟಕ್ಕೂ ಸಿಸೇರಿಯನ್ ಆಗಿ ಮಗು ಕಳೆದುಕೊಂಡದ್ದಕ್ಕೂ ಬೇರೆ ಬೇರೆ ಲೆಕ್ಕ. ಬಸಿರಾಗುವ ಒಂದು ತಿಂಗಳ ಮೊದಲಿನಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ನುಂಗಿ. ಹಿಂದಿನ ಮಗುವಿಗೆ ಬೆನ್ನುಹುರಿ ಅಥವಾ ತಲೆಬುರುಡೆಯ ದೋಷವಿದ್ದರೆ ಇದರ ಹತ್ತು ಪಟ್ಟಿಗೂ ಹೆಚ್ಚು ಬೇಕಾಗುತ್ತದೆ, ವೈದ್ಯರು ಬರೆದುಕೊಡುತ್ತಾರೆ. ಹಿಂದೆ ಬಿಪಿ ಏರಿದ್ದವರಿಗೆ 12ರಿಂದ 16 ವಾರದೊಳಗೆ ಕಡಿಮೆ ಪ್ರಮಾಣದ ಆಸ್ಪಿರಿನ್ ಶುರು ಮಾಡುತ್ತಾರೆ, ಆದ್ದರಿಂದ ಐದನೆಯ ತಿಂಗಳಿಗೆ ಮೊದಲ ತಪಾಸಣೆಗೆ ಹೋದರೆ ತಡವಾಯಿತು. ಪ್ರತಿ ತಿಂಗಳ 9ನೆಯ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ, ಹಣದ ತೊಂದರೆಯಿದ್ದವರು ಅದನ್ನು ಬಿಡಬೇಡಿ.

28 ವಾರದ ಮೇಲೆ ಮಗ್ಗುಲಾಗಿ ಮಲಗಿ. ಮಗುವಿನ ಒದೆತ ದಿನನಿತ್ಯದಂತೆ ಇಲ್ಲವೆನಿಸಿದರೆ ಸಿಹಿ ತಿಂದು ನೋಡೋಣ, ಬೆಳಗಾಗಲಿ, ಸೋಮವಾರವಾಗಲಿ ಎನ್ನಬೇಡಿ. ನನ್ನ ಆ ಅರ್ಧ ಗಂಟೆ ನನಗೆ ಇಂದಿಗೂ ಮುಗಿದಿಲ್ಲ. ಸುಮ್ಮನೆ ಹೋಗಿ, ಎದೆಬಡಿತ ಕೇಳಿಸಿಕೊಂಡು ವಾಪಸು ಬಂದರೆ ಯಾವ ನಷ್ಟವೂ ಇಲ್ಲ.

ಮೊದಲ ತಪಾಸಣೆಗೆ ಹೋಗುವಾಗ ಆ ಪ್ಲಾಸ್ಟಿಕ್ ಫೈಲನ್ನು ಬೀರುವಿನಿಂದ ಹೊರತೆಗೆಯಿರಿ. ಮೇಲೆ ಒಂದು ಬಿಳಿಯ ಹಾಳೆಯಿಟ್ಟು ನಿಮ್ಮ ಕೈಯಾರೆ ಕನ್ನಡದಲ್ಲೇ ಬರೆಯಿರಿ: ಯಾವ ತಿಂಗಳು, ಎಷ್ಟು ವಾರ, ಮಗುವಿನ ತೂಕ, ಆಗ ನನ್ನ ಬಿಪಿ, ಸಕ್ಕರೆ, ರಕ್ತದ ಗುಂಪು, ಮಾಸಿನ ವರದಿಯಲ್ಲಿ ಏನಿತ್ತು, ನಾನು ಕೇಳಬೇಕಾದ ಮೂರು ಪ್ರಶ್ನೆಗಳು. ವೈದ್ಯರ ಮುಂದೆ ಕುಳಿತಾಗ ಗಂಟಲು ಕಟ್ಟಿದರೆ ಮಾತನಾಡುವ ಅಗತ್ಯವಿಲ್ಲ, ಆ ಹಾಳೆಯನ್ನು ಅವರ ಕಡೆಗೆ ತಿರುಗಿಸಿ ಇಡಿ.